ಕೊರಳಪಟ್ಟಿಯ ಅಂಕೆ

ನಂಜನಗೂಡು ತಾಲ್ಲೂಕಿನ ಹದಿನಾರಿನಲ್ಲಿ (ಇದು ಊರಿನ ಹೆಸರು, ಲೆಕ್ಕವಲ್ಲ) ಜನವರಿಯ ಮಂಜು ಕರಗುವ ಮೊದಲೇ ಮೈಸೂರಿನ ಪಕ್ಷಿವೀಕ್ಷಕರು ಕೆರೆಯ ಏರಿಯ ಮೇಲೆ ಕುಳಿತಿರುತ್ತಾರೆ. ಉಪಾಧ್ಯಾಯರು, ನೌಕರರು, ವಿದ್ಯಾರ್ಥಿಗಳು, ಸಂಬಳವಿಲ್ಲದ ಉದ್ಯೋಗ. ಬುತ್ತಿಯಲ್ಲಿ ಚಿತ್ರಾನ್ನ, ಮುಕ್ಕಾಲಿಯ ಮೇಲೆ ದೂರದರ್ಶಕ. ಏಷ್ಯದಲ್ಲಿ 1987ರಿಂದ ನಡೆದುಬಂದಿರುವ ನೀರಹಕ್ಕಿಗಳ ಗಣತಿಯೂ ಇದೇ ತಿಂಗಳಲ್ಲಿ.

ಹಿಮಾಲಯವನ್ನು ದಾಟಿ ಇಲ್ಲಿಗೂ ತಿರುಮಕೂಡಲು ನರಸೀಪುರದ ಕಡೆಯ ಕೆರೆಗಳಿಗೂ ಬಂದಿಳಿಯುವ ಪಟ್ಟೆತಲೆ ಹೆಬ್ಬಾತುಗಳಲ್ಲಿ ಎಲ್ಲೋ ಒಂದರ ಕೊರಳಿಗೆ ಅಂಕೆಯ ಪಟ್ಟಿ. ಬೇಸಗೆಯಲ್ಲಿ ರೆಕ್ಕೆಗರಿ ಉದುರಿ ಹಾರಲಾರದ ದಿನಗಳಲ್ಲಿ, ಮಂಗೋಲಿಯದ ಸರೋವರಗಳಲ್ಲಿ ಹಿಡಿದು ತೊಡಿಸಿದ್ದು. ಇಲ್ಲಿ ಹಿಡಿಯುವವರಿಲ್ಲ; ಓದುವವರಷ್ಟೇ.

ಓದುವುದೇನು ಸುಲಭವೇ? ಹಕ್ಕಿ ಕೊರಳನ್ನು ಬೆನ್ನಿಗೆ ಹೊರಳಿಸಿ ನಿದ್ರಿಸುತ್ತದೆ. ಬಿಸಿಲೇರಿದರೆ ನೀರಿನ ಮೇಲಣ ಗಾಳಿ ನಡುಗಿ ಬರಹ ಕಲಸಿಹೋಗುತ್ತದೆ.

“ಮೂರೋ, ಎಂಟೋ?” ಎಂದು ಕಿರಿಯ ಕೇಳಿದರೆ, “ಇನ್ನೊಮ್ಮೆ ನೋಡಪ್ಪ, ಅವಸರವೇನು?” ಎನ್ನುತ್ತಾರೆ ಹಿರಿಯರು. ಒಂದಂಕೆ ತಪ್ಪಿದರೆ ಸತ್ತ ಹಕ್ಕಿ ದಾಖಲೆಯಲ್ಲಿ ಬದುಕಿಬಿಡುತ್ತದೆ. ಬದುಕಿರುವುದು ಯಾರ ಲೆಕ್ಕಕ್ಕೂ ಸಿಗದೆ ಹೋಗುತ್ತದೆ. ಅನುಮಾನವಿದ್ದರೆ ಆ ಪುಟ ಖಾಲಿಯೇ ಉಳಿಯಬೇಕು. ನಾಲ್ಕು ಗಂಟೆ ಕಾದವರಿಗೆ ಇದು ಕಠಿಣವಾದ ವ್ರತವೇ ಸರಿ.

ಏರಿಯ ಮೇಲೆ ಸಾಗುವ ರೈತರು ನಿಂತು, “ರಾತ್ರಿಯೆಲ್ಲಾ ನಮ್ ಗದ್ದೇಲಿ ಮೇಯ್ತವೆ ಸ್ವಾಮಿ, ಅದ್ನೂ ಬರ್ಕೊಳ್ಳಿ” ಎಂದು ನಗುವುದುಂಟು.