ಇಲ್ಲಣ ಮತ್ತು ಹೊಗೆಸೊಪ್ಪು: ಪೀಣ್ಯದ ಒಂದು ಮನೆ

ಹೊಗೆಯಿಂದ ಮನೆಯ ಮಾಡಿಗೆ ಕಟ್ಟುವ ಕಪ್ಪಿಗೆ ಕನ್ನಡದಲ್ಲಿ 'ಇಲ್ಲಣ' ಎಂಬ ಹಳೆಯ ಹೆಸರುಂಟು. ಸೌದೆಯ ಒಲೆ ಉರಿಯುತ್ತಿದ್ದ ಕಾಲದಲ್ಲಿ ಅದು ಒಕ್ಕಲಿನ ಕುರುಹಾಗಿತ್ತು. ಒಲೆಯ ಮೇಲಣ ಅಟ್ಟದಲ್ಲಿಟ್ಟ ಬಿತ್ತನೆಯ ಬೀಜವನ್ನು ಹುಳುವಿನಿಂದ ಕಾಯುತ್ತಿದ್ದುದೂ ಆ ಹೊಗೆಯೇ. ಹಬ್ಬಕ್ಕೆ ಮುನ್ನ ಇಲ್ಲಣವನ್ನು ಗುಡಿಸಿ ಸುಣ್ಣ ಬಳಿದರೆ ಗೋಡೆ ಬೆಳಗುತ್ತಿತ್ತು. ತಂಬಾಕಿನ ಹೊಗೆಯ ಕಲೆ ಇಷ್ಟು ಸುಲಭವಾಗಿ ಮಣಿಯುವಂಥದಲ್ಲ.

ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಿನ ಬಡಾವಣೆಯೊಂದರಲ್ಲಿ ನಿವೃತ್ತ ಶಿಕ್ಷಕರೊಬ್ಬರು ಹಳೆಯ ಮನೆಯೊಂದನ್ನು ಕೊಂಡರು. ಅದರಲ್ಲಿ ಬಹುಕಾಲ ಬಾಡಿಗೆಗಿದ್ದವರು ಲೇತ್ ಕಾರ್ಖಾನೆಯ ಕೆಲಸಗಾರರು. ಪಾಳಿ ಮುಗಿಸಿ ಬಂದವರಿಗೆ ಬೀಡಿ, ಸಿಗರೇಟುಗಳೇ ದಣಿವಾರಿಸುವ ಸಾಧನ. ಮೇಸ್ತ್ರಿಯ ಸಲಹೆಯಂತೆ ಹಳೆಯ ಡಿಸ್ಟೆಂಪರಿನ ಮೇಲೆಯೇ ಬಿಳಿಯ ಬಣ್ಣ ಹೊಡೆಸಲಾಯಿತು. ಎರಡನೆಯ ಮಳೆಗಾಲಕ್ಕೆ ಚಾವಣಿಯ ಮೂಲೆಗಳಲ್ಲಿ ಹಳದಿಯ ಕಲೆಗಳು ಮೇಲೆದ್ದವು. ಮುಚ್ಚಿದ ಕೋಣೆಯಲ್ಲಿ ಹಳಸಿದ ವಾಸನೆ ಮರಳಿತು. ಉಬ್ಬಸದ ಮೊಮ್ಮಗಳು ಮಲಗುತ್ತಿದ್ದುದು ಅದೇ ಕೋಣೆಯಲ್ಲಿ.

ತಂಬಾಕು ಈ ನೆಲದ ಹುಟ್ಟುಬೆಳೆಯಲ್ಲ. ಅಮೆರಿಕ ಖಂಡದಿಂದ ಪೋರ್ಚುಗೀಸರ ಮೂಲಕ ಬಂದ ಈ ಎಲೆಗೆ ಕನ್ನಡಿಗರು 'ಹೊಗೆಸೊಪ್ಪು' ಎಂಬ ಅಚ್ಚಗನ್ನಡದ ಹೆಸರನ್ನೂ ಇಟ್ಟುಕೊಂಡರು. ಉತ್ತರ ಭಾರತದ ಅರಮನೆಗೆ ಅದು ಹೋದುದು ಕನ್ನಡ ನಾಡಿನಿಂದಲೇ ಎಂಬುದು ಗಮನಾರ್ಹ. 17ನೆಯ ಶತಮಾನದ ಆರಂಭದಲ್ಲಿ ಅಕ್ಬರನ ರಾಯಭಾರಿಯಾಗಿ ಬಿಜಾಪುರಕ್ಕೆ ಬಂದ ಅಸದ್ ಬೇಗ್, ಅಲ್ಲಿ ಕಂಡ ತಂಬಾಕನ್ನು ಅಲಂಕೃತ ಸೇದುಕೊಳವೆಯೊಡನೆ ಚಕ್ರವರ್ತಿಗೆ ಒಪ್ಪಿಸಿದನು. ಆಸ್ಥಾನದ ವೈದ್ಯನು ಅದನ್ನು ಆಕ್ಷೇಪಿಸಿದನು. 1617ರಲ್ಲಿ ಜಹಾಂಗೀರನು ನಿಷೇಧವನ್ನೇ ಹೊರಡಿಸಿದನು. ಚಟ ಮಾತ್ರ ನಿಲ್ಲಲಿಲ್ಲ. ನಾಲ್ಕು ಶತಮಾನಗಳ ತರುವಾಯ, 2008ರ ಅಕ್ಟೋಬರ್ 2ರಿಂದ, ಸಾರ್ವಜನಿಕ ಸ್ಥಳಗಳಲ್ಲಿಯೂ ಕೆಲಸದ ತಾಣಗಳಲ್ಲಿಯೂ ಧೂಮಪಾನ ನಿಷಿದ್ಧವಾಯಿತು. ಆದರೆ ಆ ಕಾನೂನು ಮನೆಯ ಹೊಸ್ತಿಲನ್ನು ದಾಟುವುದಿಲ್ಲ.

ಹೊಸ್ತಿಲೊಳಗಿನ ಗೋಡೆಗೆ ಅಂಟಿದುದು ಸುಮ್ಮನಿರುವುದೂ ಇಲ್ಲ. ಗೋಡೆ, ಬಟ್ಟೆ, ಮರಗಳಲ್ಲಿ ಉಳಿದ ನಿಕೋಟಿನ್, ವಾಹನಗಳ ಮತ್ತು ಗ್ಯಾಸ್ ಒಲೆಗಳ ದಹನದಿಂದ ಹುಟ್ಟುವ ನೈಟ್ರಸ್ ಆಮ್ಲದೊಡನೆ ಕೂಡಿ ಕ್ಯಾನ್ಸರ್‌ಕಾರಕ ನೈಟ್ರೋಸಮೈನುಗಳಾಗುವುದನ್ನು 2010ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದ ವಿಜ್ಞಾನಿಗಳು ತೋರಿಸಿದರು. ಲಾರಿಗಳ ಓಡಾಟ ಬಿಡುವಿಲ್ಲದ ಪೀಣ್ಯದಲ್ಲಿ ಈ ಮಾತಿಗೆ ತೂಕ ಹೆಚ್ಚು.

ಆದುದರಿಂದ ಕೆಲಸವನ್ನು ಮೊದಲಿನಿಂದ ಮಾಡಬೇಕಾಯಿತು. ಪರದೆಗಳನ್ನೂ ಹಳೆಯ ಹಾಸಿಗೆಯನ್ನೂ ಹೊರಹಾಕಿದರು. ಡಿಸ್ಟೆಂಪರನ್ನು ಗಾರೆಯವರೆಗೆ ಕೆರೆದು, ಚಾವಣಿ, ಫ್ಯಾನಿನ ರೆಕ್ಕೆ, ಕಿಟಕಿಯ ಚೌಕಟ್ಟು, ಬಣ್ಣ ಕಾಣದ ಕಪಾಟಿನ ಒಳಮೈ ಎಲ್ಲವನ್ನೂ ಸೋಪಿನ ನೀರಿನಿಂದ ಒರಸಿ ತೊಳೆದರು. ಗೋಡೆ ಪೂರ್ತಿ ಒಣಗಿದ ಮೇಲೆ, ಕಲೆಯನ್ನು ತಡೆಯುವ ಎಣ್ಣೆ ಆಧಾರಿತ ಪ್ರೈಮರ್, ಬಳಿಕ ಬಣ್ಣ. ನೀರು ಬೆರೆಸಿದ ಬಣ್ಣವನ್ನು ನೇರವಾಗಿ ಹಚ್ಚಿದರೆ ಅದು ಅಡಿಯ ಕಲೆಯನ್ನು ಕರಗಿಸಿ ಮೇಲಕ್ಕೆಳೆದುಕೊಳ್ಳುತ್ತದೆ. ಮೊದಲ ಸಲ ನಡೆದುದು ಇದೇ.

ಖರ್ಚು ಮೊದಲಿನದಕ್ಕಿಂತ ದುಪ್ಪಟ್ಟಾಯಿತು. ಕೂಲಿ ಉಳಿಸಲೆಂದು ಚಾವಣಿಯನ್ನು ಒರಸಿದವನು ಶಿಕ್ಷಕರ ಮಗ. ಅವನೂ ಕಾರ್ಖಾನೆಯ ಪಾಳಿಯವನೇ. ರಾತ್ರಿಯ ಊಟದ ಬಳಿಕ ಬಾಲ್ಕನಿಯಲ್ಲಿ ನಿಂತು ಸೇದುವ ಅಭ್ಯಾಸವಿದ್ದವನು. ಮೂರು ದಿನ ಬಕೆಟ್ಟಿನಿಂದ ಬಕೆಟ್ಟಿಗೆ ಕಂದು ನೀರನ್ನು ಚೆಲ್ಲಿದ ಅವನಿಗೆ ತಂದೆ ಬುದ್ಧಿಮಾತನ್ನೇನೂ ಹೇಳಲಿಲ್ಲ. ಮನೆ ಮತ್ತೆ ಬಿಳಿಯಾಯಿತು. ಬಾಲ್ಕನಿಯ ಮೂಲೆಯಲ್ಲಿದ್ದ ಬೂದಿಯ ತಗಡಿನ ಡಬ್ಬಿ ಮರಳಿ ಬರಲಿಲ್ಲ. ಮಗನು ಸೇದುವುದನ್ನು ಬಿಟ್ಟಿದ್ದಾನೆಂದಲ್ಲ. ಬೀದಿಯ ತಿರುವಿನಲ್ಲಿ ಸೇದಿ ಬರುತ್ತಾನೆ. ಬಂದವನು ಕೈಕಾಲು ತೊಳೆದು, ಅಂಗಿ ಬದಲಿಸಿದ ಮೇಲಷ್ಟೇ ಮಗಳನ್ನು ಎತ್ತಿಕೊಳ್ಳುತ್ತಾನೆ.