ಹದಿನೈದು ಸಾವಿರದೊಳಗೆ ಒಂದು ಸದ್ದು

ಮಕ್ಕಳು ಸಂಗೀತ ಕಲಿಯುವುದೇ ಆದರೆ ಕೊಳಲು ಕಲಿಯಲಿ ಎಂಬುದು ಬಾಡಿಗೆ ಮನೆಯಲ್ಲಿರುವ ತಂದೆಯರೆಲ್ಲರ ಒಳ ಆಸೆ. ಕೊಳಲು ಸ್ಕೂಲ್ ಬ್ಯಾಗಿನಲ್ಲಿ ಹಿಡಿಯುತ್ತದೆ, ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ ಕಲಿಯದವರ ಕೈಯಲ್ಲಿ ಅದು ಬಾಯೇ ಬಿಡುವುದಿಲ್ಲ. ಮೊದಮೊದಲು ಬರೀ ಉಸಿರು. ಮನೆಯಲ್ಲೊಂದು ಮಗು ಸಂಗೀತ ಕಲಿಯುತ್ತಿದೆ ಎಂದು ಪಕ್ಕದವರಿಗೆ ಗೊತ್ತಾಗುವ ಹೊತ್ತಿಗೆ ಅದು ಸರಳೆ ವರಸೆಯನ್ನಾದರೂ ಒಪ್ಪಿಸುವ ಮಟ್ಟಕ್ಕೆ ಬಂದಿರುತ್ತದೆ. ಡ್ರಮ್ಸ್ ಹಾಗಲ್ಲ. ಮೊದಲ ಏಟಿಗೇ ಒಲಿಯುವ ವಾದ್ಯ ಅದು. ಏನೂ ಬಾರದವರೂ ಬಲ್ಲವರಷ್ಟೇ ಸದ್ದು ಹೊರಡಿಸಬಹುದು. ಬಲ್ಲವರಿಗೆ ಎಲ್ಲಿ ಸುಮ್ಮನಾಗಬೇಕೆಂದು ಗೊತ್ತಿರುತ್ತದೆ, ಅಷ್ಟೇ.

ನನ್ನ ಮಗಳು ನಾಲ್ಕನೇ ಕ್ಲಾಸು. ಶಾಲೆಯ ವಾರ್ಷಿಕೋತ್ಸವಕ್ಕೆ ಬಾಡಿಗೆಗೆ ತರಿಸಿದ್ದ ಡ್ರಮ್ಸ್ ಸೆಟ್ಟನ್ನು ಹತ್ತಿರದಿಂದ ನೋಡಿದ್ದೇ ನೆಪ, ಮನೆಗೆ ಬಂದವಳೇ ಅಡುಗೆಮನೆಗೆ ನುಗ್ಗಿದಳು. ಅಕ್ಕಿ ಡಬ್ಬ ಬೇಸ್ ಡ್ರಮ್ ಆಯಿತು, ಹುರಿಗಡಲೆ ಡಬ್ಬ ಸ್ನೇರ್ ಆಯಿತು, ಇಡ್ಲಿ ಪಾತ್ರೆಯ ಮುಚ್ಚಳ ಸಿಂಬಲ್ ಆಯಿತು. ನಾನೋ, ಇಂಥ ಸಂದರ್ಭಕ್ಕೆಂದೇ ಏನೇನೋ ಓದಿಟ್ಟುಕೊಂಡಿರುವವನು. ಬೀಟಲ್ಸ್ ತಂಡದ ರಿಂಗೋ ಸ್ಟಾರ್‌ಗೆ 1957ರ ಕ್ರಿಸ್‌ಮಸ್‌ಗೆ ಮಲತಂದೆ ತಂದುಕೊಟ್ಟದ್ದು ಸೆಕೆಂಡ್ ಹ್ಯಾಂಡ್ ಸೆಟ್ಟು, ಅದರಲ್ಲಿ ಸಿಂಬಲ್ ಬದಲಿಗೆ ಇದ್ದದ್ದು ಕಸದ ಡಬ್ಬಿಯ ಹಳೇ ಮುಚ್ಚಳ ಎಂದು ಹೆಂಡತಿಗೆ ಹೇಳಿದೆ. ಚೆನ್ನೈನ ಶಿವಮಣಿಯವರು ಸೂಟ್‌ಕೇಸನ್ನೂ ಬಿಡದೆ ನುಡಿಸುತ್ತಾರೆ ಎಂದೂ ಸೇರಿಸಿದೆ. ನನ್ನ ಲೆಕ್ಕದಲ್ಲಿ ಇವೆಲ್ಲ ಕೊಳ್ಳುವ ಪರವಾದ ವಾದಗಳು. ಅವಳು ತಣ್ಣಗೆ, "ಹಾಗಿದ್ರೆ ಕೊಳ್ಳೋದ್ಯಾಕೆ? ನಮ್ಮನೇಲಿ ಹಸಿ ಕಸಕ್ಕೊಂದು ಒಣ ಕಸಕ್ಕೊಂದು ಡಬ್ಬಿ ಇದೆ. ಎರಡು ಸಿಂಬಲ್ ಆಯ್ತಲ್ಲ" ಎಂದಳು.

ಕೊನೆಗೆ 15 ಸಾವಿರ ಎಂದು ಗೆರೆ ಎಳೆದುಕೊಂಡೆವು. ಗೆರೆ ಎಳೆದವಳು ಅವಳು, ಒಪ್ಪಿದವನು ನಾನು.

ಹತ್ತಿರದಲ್ಲೇ ಕ್ಲಾಸು ನಡೆಸುವ ಡ್ರಮ್ಸ್ ಮೇಷ್ಟ್ರು, ಕೈಗೆ ಕಡಗ ಹಾಕಿದ ಹುಡುಗ, ದೊಡ್ಡವರಂತೆ ಬುದ್ಧಿ ಹೇಳಿದ. "ಈಗಲೇ ಸೆಟ್ ಬೇಡ ಸರ್. ಒಂದು ಪ್ರ್ಯಾಕ್ಟೀಸ್ ಪ್ಯಾಡು, ಒಂದು ಜೊತೆ 7ಎ ಸ್ಟಿಕ್ಸು. ಚಿಕ್ಕ ಕೈಗೆ ಅದೇ ಸರಿ, ತೆಳ್ಳಗಿರುತ್ತೆ. ಮೊದಲು ಕೈ ಕೂರಲಿ." ಈ ಮಾತು ನನಗೆ ಅಮೃತದಂತೆ ಕೇಳಿಸಿತು. ಪ್ಯಾಡು ಎಂದರೆ ರಬ್ಬರಿನ ಬಿಲ್ಲೆ. ಟಪ್ ಟಪ್ ಎನ್ನುತ್ತದೆಯೇ ಹೊರತು ಜಗಳಕ್ಕೆ ಬರುವುದಿಲ್ಲ. ಕೆಲವು ತಿಂಗಳು ಮಗಳು ಅದರ ಮೇಲೆ "ರೈಟ್ ಲೆಫ್ಟ್ ರೈಟ್ ರೈಟ್, ಲೆಫ್ಟ್ ರೈಟ್ ಲೆಫ್ಟ್ ಲೆಫ್ಟ್" ಎಂದು ಜಪ ಮಾಡಿದಳು. ಊರಿನಿಂದ ಬಂದಿದ್ದ ನಮ್ಮಮ್ಮ, ಮೊಮ್ಮಗಳನ್ನು ಎನ್‌ಸಿಸಿಗೆ ಸೇರಿಸಿದ್ದಾರೆಂದೇ ತಿಳಿದಿದ್ದರು. ಆದರೆ ಪ್ಯಾಡಿನಲ್ಲಿ ಕಾಲಿಗೆ ಕೆಲಸವಿಲ್ಲ. ಡ್ರಮ್ಸ್ ಕಲಿಯುವವರಿಗೆ ಕಾಲು ಸುಮ್ಮನಿರುವುದಿಲ್ಲ. ಊಟದ ಟೇಬಲ್ಲಿನ ಕೆಳಗೆ ಒಂದೇ ಸಮನೆ ಹೆಜ್ಜೆ ಸದ್ದು ಶುರುವಾದ ಮೇಲೆ ನಾನು ಬಳೇಪೇಟೆಗೆ ಹೊರಟೆ.

ಬಳೇಪೇಟೆಯ ವಾದ್ಯದ ಅಂಗಡಿಗಳಲ್ಲಿ ಮೃದಂಗ, ತಬಲ, ಹಾರ್ಮೋನಿಯಂಗಳು ಮನೆಯ ಹಿರಿಯರ ಗತ್ತಿನಲ್ಲಿ ಒಳಗೆ ಕೂತಿರುತ್ತವೆ, ಡ್ರಮ್ಸು ಎಡತಾಕುವಂತೆ ಬಾಗಿಲಲ್ಲೇ ಇರುತ್ತದೆ. ಅಂಗಡಿಯಾತ ನನ್ನ ಮುಖ ನೋಡಿಯೇ ನನ್ನ ಗೆರೆ ಎಲ್ಲಿದೆ ಎಂದು ಅಂದಾಜು ಮಾಡಿದ. ಮೊದಲು ತೋರಿಸಿದ್ದು ಆಟಿಕೆ ಜಾತಿಯದು, ಎರಡು ಹಬ್ಬ ದಾಟಿದರೆ ಹೆಚ್ಚು. ಆಮೇಲೆ ಜೂನಿಯರ್ ಸೆಟ್ಟು, ಬೇಸ್ ಡ್ರಮ್ 16 ಇಂಚು. ಪೂರ್ತಿ ಸೆಟ್ಟಿನ ಬೇಸ್ 22 ಇಂಚಿನದು, ಅದರ ಹಿಂದೆ ಕೂತರೆ ಮಗಳ ಜುಟ್ಟು ಮಾತ್ರ ಕಾಣುತ್ತದೆ. "ಎಲೆಕ್ಟ್ರಾನಿಕ್ ತಗೊಳ್ಳಿ ಸಾರ್, ಹೆಡ್‌ಫೋನ್ ಹಾಕ್ಕೊಂಡ್ರೆ ಸದ್ದೇ ಇಲ್ಲ" ಎಂದ. ಬೆಲೆ ಗೆರೆಯ ಎರಡು ಪಟ್ಟು. ಅದೂ ಅಲ್ಲದೆ, ಹೆಡ್‌ಫೋನು ಕಿವಿಗೆ ಮಾತ್ರ ಇರುವಂಥದ್ದು. ಪೆಡಲ್ ತುಳಿದಾಗಿನ ಗುದ್ದು ನೆಲದ ಮೂಲಕ ಕೆಳಗಿನ ಮನೆಯ ತಾರಸಿಗೆ ಇಳಿದೇ ಇಳಿಯುತ್ತದೆ. ಮೇಲಿನವರಿಗೆ ಸಂಗೀತ, ಕೆಳಗಿನವರಿಗೆ ಬರೀ ಗುದ್ದು.

ಸಿಂಬಲ್ಲಿನ ವಿಷಯದಲ್ಲಿ ಮಾತ್ರ ಆತ ಸುಳ್ಳು ಹೇಳಲಿಲ್ಲ. ಅಗ್ಗದ ಸೆಟ್ಟಿನ ಜೊತೆ ಬರುವುದು ಹಿತ್ತಾಳೆಯದು. ಬಾರಿಸಿ ತೋರಿಸಿದ, ಮದುವೆ ಮನೆಯಲ್ಲಿ ಪಾತ್ರೆ ತೊಳೆಯುವ ಕಡೆಯಿಂದ ಬರುವಂಥ ಸದ್ದು. ಆಮೇಲೆ ಗಾಜಿನ ಬೀರುವಿನಿಂದ ಕಂಚಿನದೊಂದನ್ನು ತೆಗೆದು ಮೆಲ್ಲಗೆ ತಟ್ಟಿದ. ನೂರಕ್ಕೆ 80 ಭಾಗ ತಾಮ್ರ, 20 ಭಾಗ ತವರ. ನಮ್ಮ ದೇವಸ್ಥಾನದ ಜಾಗಟೆಯದೂ ಹೆಚ್ಚುಕಡಿಮೆ ಅದೇ ಪಾಕ. ಜಿಲ್ಜಿಯನ್ ಮನೆತನದವರು 1623ರಿಂದ, ಆಗಿನ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಶುರುಮಾಡಿ, ಇಂದಿನವರೆಗೂ ಇದೇ ಕಸುಬು ಮಾಡಿಕೊಂಡು ಬಂದಿದ್ದಾರೆ. ನಾದ ಅಂಗಡಿಯಾಚೆ ಹೋಗಿ ರಸ್ತೆಯ ಹಾರ್ನುಗಳ ನಡುವೆ ಕರಗುವವರೆಗೂ ನಾವಿಬ್ಬರೂ ಮಾತಾಡಲಿಲ್ಲ. ಆ ಒಂದು ತಟ್ಟೆಗೇ ನನ್ನ ಗೆರೆ ಮುಗಿದು ಮೇಲೆ ಸಾಲ ನಿಲ್ಲುತ್ತಿತ್ತು.

ಬರಿಗೈಲಿ ಮನೆಗೆ ಬಂದು ಹೆಂಡತಿಗೆ ಇನ್ನೊಂದು ಚರಿತ್ರೆ ಹೇಳಿದೆ. ಮೊದಲು ಅಮೆರಿಕದಲ್ಲಿ ಬೇಸ್ ಡ್ರಮ್ಮಿಗೊಬ್ಬ, ಸ್ನೇರಿಗೊಬ್ಬ, ಸಿಂಬಲ್ಲಿಗೊಬ್ಬ ಎಂದು ಜನ ಇರುತ್ತಿದ್ದರು. ನಾಟಕದ ಥಿಯೇಟರುಗಳಲ್ಲಿ ವಾದ್ಯದವರು ಕೂರುವ ಜಾಗ ಇಕ್ಕಟ್ಟು, ಸಂಬಳ ಕೊಡುವವರ ಕೈ ಇನ್ನೂ ಇಕ್ಕಟ್ಟು. ಒಬ್ಬನೇ ಎಲ್ಲ ಬಾರಿಸುವ ಉಪಾಯ ಹುಡುಕಿದರು. 1909ರಲ್ಲಿ ಲುಡ್ವಿಗ್ ಎಂಬಾತ ಚುರುಕಾದೊಂದು ಕಾಲಿನ ಪೆಡಲ್‌ಗೆ ಪೇಟೆಂಟ್ ಪಡೆದ ಮೇಲೆ ಉಪಾಯ ಗಟ್ಟಿಯಾಯಿತು. "ಅಂದರೆ ಡ್ರಮ್ಸ್ ಸೆಟ್ಟು ಹುಟ್ಟಿದ್ದೇ ಖರ್ಚು ಉಳಿಸೋಕೆ" ಎಂದು ನಿಲ್ಲಿಸಿದೆ. "ಮೂವರಲ್ಲಿ ಇಬ್ಬರ ಸಂಬಳ ಉಳಿಸಿದ್ದು ಥಿಯೇಟರಿನವರು. ನಮ್ಮನೇಲಿ ಮೂರು ಜನ ಡ್ರಮ್ಮಿನವರು ಯಾವಾಗ ಇದ್ರು?" ಎಂದು ಕೇಳಿದಳು. ಇತಿಹಾಸವನ್ನು ಹೆಂಡತಿಯ ಮುಂದೆ ಹೇಳಬಾರದು.

ಅವಳಿಗೆ ಹೇಳದೇ ಉಳಿಸಿಕೊಂಡದ್ದೂ ಒಂದಿತ್ತು. ತಿಪಟೂರಿನಲ್ಲಿ ನಾನು ಹೈಸ್ಕೂಲಿನಲ್ಲಿದ್ದಾಗ ಗಣಪತಿ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ ಬಂದರೆ ಗೆಳೆಯರೆಲ್ಲ ಹಾಡುವವರ ಎದುರು ಜಾಗ ಹಿಡಿಯುತ್ತಿದ್ದರು. ನಾನು ಸ್ಟೇಜಿನ ಪಕ್ಕದ ಗಳಕ್ಕೆ ಒರಗಿ ನಿಲ್ಲುತ್ತಿದ್ದೆ. ಅಲ್ಲಿಂದ ಡ್ರಮ್ಸಿನವನ ಕಾಲು ಕಾಣಿಸುತ್ತಿತ್ತು. ಬೇಸ್ ಡ್ರಮ್ಮಿನ ಮುಖದ ಮೇಲೆ ಆರ್ಕೆಸ್ಟ್ರಾದ ಹೆಸರು, ಅದರ ಹಿಂದೆ ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಪೆಡಲ್ ತುಳಿಯುವ ಒಬ್ಬ ಸಣಕಲು ಮನುಷ್ಯ. ಹಾಡು ಕೆಟ್ಟರೂ ಅವನ ಕಾಲು ಕೆಡುತ್ತಿರಲಿಲ್ಲ. ನನಗೂ ಅದು ಬೇಕು ಎಂದು ಅಪ್ಪನನ್ನು ಕೇಳಲಿಲ್ಲ. ಅಪ್ಪ ಬೈಯುತ್ತಾರೆಂದಲ್ಲ. ಕೇಳಬಹುದಾದ ವಸ್ತುಗಳ ಸಾಲಿನಲ್ಲಿ ಡ್ರಮ್ಸ್ ಇರಲೇ ಇಲ್ಲ. ಆ ಸಾಲು ಸೈಕಲ್ಲಿಗೇ ಮುಗಿಯುತ್ತಿತ್ತು. ಈಗ ಊರಿನ ಗಣಪತಿಗೆ ಹೋದರೆ ಸ್ಟೇಜಿನ ಮೇಲೆ ಡ್ರಮ್ಸೂ ಇಲ್ಲ. ಎಂಟು ಚೌಕದ ಒಂದು ರಿದಂ ಪ್ಯಾಡು, ಅದರಲ್ಲೇ ಡೋಲಕ್, ತಬಲ, ಡೊಳ್ಳು ಎಲ್ಲ. ಮೂವರ ಕೆಲಸ ನುಂಗಿದ ಡ್ರಮ್ಸನ್ನು ಇದು ನುಂಗಿ ಕೂತಿದೆ. ಕಾಲಿಗೆ ಕೆಲಸವಿಲ್ಲದ್ದರಿಂದ ನುಡಿಸುವವನು ಶೂ ಹಾಕಿಕೊಂಡಿರುತ್ತಾನೆ.

ಕೊನೆಗೆ ದಾರಿ ತೋರಿಸಿದವನು ಕಡಗದ ಮೇಷ್ಟ್ರೇ. "ಏಪ್ರಿಲ್ ಮೇ ತನಕ ಕಾಯಿರಿ ಸರ್, ಸೆಕೆಂಡ್ ಹ್ಯಾಂಡ್ ಬೇಕಾದಷ್ಟು ಬರುತ್ತೆ." ಯಾಕೆಂದು ಕೇಳಿದೆ. "ಎಸ್ಸೆಸ್ಸೆಲ್ಸಿ ರಿಸಲ್ಟ್ ಬರುತ್ತಲ್ಲ." ಆ ಹುಡುಗನಿಗೆ ಅದೊಂದು ಸುಗ್ಗಿ. ನಾನು ಮಾತ್ರ ಕ್ಷಣ ಹೊತ್ತು ಸುಮ್ಮನಾದೆ. ಪಿಯುಸಿ ಸೈನ್ಸು, ಜೊತೆಗೆ ಕೋಚಿಂಗು, ಆಮೇಲೆ ಹಾಸ್ಟೆಲ್ಲು. ಊರಿನ ಗಿಟಾರು, ಕೀಬೋರ್ಡು, ಡ್ರಮ್ಸುಗಳೆಲ್ಲ ಅದೇ ಋತುವಿನಲ್ಲಿ ಮನೆ ಬದಲಾಯಿಸುತ್ತವಂತೆ.

ವಿಜಯನಗರದ ಒಂದು ಮನೆಗೆ ಮಗಳನ್ನೂ ಕರೆದುಕೊಂಡು ಹೋದೆ. ಬಾಗಿಲು ತೆಗೆದ ತಾಯಿ "ಬನ್ನಿ ಸರ್, ರೂಮ್ ಸ್ವಲ್ಪ ಹರಡಿದೆ" ಎನ್ನುತ್ತಾ ಮುಂದೆ ಓಡಿ, ಸಿಂಬಲ್ ಸ್ಟ್ಯಾಂಡಿನ ಮೇಲೆ ಒಣಹಾಕಿದ್ದ ಟವೆಲ್ಲು, ದುಪಟ್ಟಾಗಳನ್ನು ಬಾಚಿಕೊಂಡರು. ಮಗ ಮೂಡಬಿದಿರೆಯಲ್ಲಿ ಹಾಸ್ಟೆಲ್ ಸೇರಿದ್ದನಂತೆ. ಮೇಷ್ಟ್ರು ಹೇಳಿಕೊಟ್ಟಂತೆ ನಾನು ಪರೀಕ್ಷೆಗೆ ಶುರುಮಾಡಿದೆ. ಪೆಡಲ್ಲಿನ ಸ್ಪ್ರಿಂಗ್ ಎಳೆಯುತ್ತದೆಯೇ, ಹೈಹ್ಯಾಟ್ ಸ್ಟ್ಯಾಂಡಿನ ತಿರುಪು ಸವೆದಿದೆಯೇ, ಸ್ನೇರಿನ ಕೆಳಗಿನ ತಂತಿ ಬಿಗಿಯಾಗಿದೆಯೇ, ಡ್ರಮ್ಮಿನ ಬಾಯಂಚು ಎಲ್ಲಾದರೂ ಎದ್ದಿದೆಯೇ. ಸ್ನೇರಿನ ಹೊದಿಕೆಯ ಮೇಲೆ ಬೂದು ಬಣ್ಣದ ಕಲೆ ನಡುವಿನಿಂದ ತುಸು ಎಡಕ್ಕೆ ಸರಿದಿತ್ತು. ಆ ಹುಡುಗನ ಕೈ ಬೀಳುತ್ತಿದ್ದುದು ಅಲ್ಲಿಯೇ. ಹೊದಿಕೆ ಬದಲಾಯಿಸಬೇಕಾಗುತ್ತದೆ ಎಂದು ಬೆಲೆ ಇಳಿಸುವ ದನಿಯಲ್ಲಿ ಹೇಳಹೊರಟವನು ಬೇರೇನೋ ಹೇಳಿದೆ.

ಮಗಳು ಸ್ಟೂಲ್ ತಗ್ಗಿಸಿಕೊಂಡು ಕೂತು, ಬಲ್ಲ ಒಂದೇ ಒಂದು ತಾಳವನ್ನು ಬಾರಿಸಿದಳು. ಅಡುಗೆಮನೆಯಿಂದ ಕಾಫಿ ತರುತ್ತಿದ್ದ ಆ ತಾಯಿ ಬಾಗಿಲಲ್ಲೇ ನಿಂತರು. ಅವಳು ನಿಲ್ಲಿಸಿದಾಗ "ಇನ್ನೊಂದ್ ಸ್ವಲ್ಪ ಬಾರಿಸಮ್ಮ, ಪರವಾಗಿಲ್ಲ" ಎಂದರು. ಅದನ್ನೇ ಮತ್ತೆ ಬಾರಿಸಿದಳು. ಕಾಫಿ ಆರಿಯೇ ನಮ್ಮ ಕೈಸೇರಿತು. ಅವರು 14 ಸಾವಿರ ಹೇಳಿದ್ದರು, ನಾನು 10ರಿಂದ ಶುರುಮಾಡುವವನಿದ್ದೆ. ಬಾಯಿ ತೆರೆಯುವ ಮೊದಲೇ "12 ಕೊಡಿ ಸರ್" ಎಂದುಬಿಟ್ಟರು. ಚೌಕಾಸಿಗೆ ಸಿದ್ಧನಾಗಿ ಹೋದವನಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ.

ಬಿಚ್ಚಿ ಕಟ್ಟುವಾಗ ಬೇಸ್ ಡ್ರಮ್ಮಿನ ಹೊಟ್ಟೆಯೊಳಗೊಂದು ಕೌದಿ ಸಿಕ್ಕಿತು. ಸದ್ದು ಗುಂಯ್‌ಗುಡದೆ ಒಳಗೇ ಕೂರಲಿ ಎಂದು ಹೀಗೆ ಏನಾದರೂ ತುರುಕುವುದು ವಾಡಿಕೆ. ಅವರು ಅದನ್ನು ತೆಗೆದುಕೊಂಡು, "ಇದು ನಮ್ಮಮ್ಮ ಹೊಲಿದಿದ್ದು, ಎಲ್ಲಿ ಹೋಯ್ತು ಅಂತ ಎಷ್ಟು ಹುಡುಕಿದ್ದೆ" ಎಂದು ಕೊಡವಿ ಮಡಿಸಿಟ್ಟು, ಅದರ ಬದಲು ಹಳೆಯದೊಂದು ದಿಂಬು ತಂದುಕೊಟ್ಟರು. ಲಗೇಜ್ ಆಟೋದವನು "ಬ್ಯಾಂಡ್ ಸೆಟ್ಟಾ ಸಾರ್? ನಮ್ಮ ತಂಗಿ ಮದುವೆ ಇದೆ, ರೇಟೆಷ್ಟು?" ಎಂದು ಕೇಳಿದ. ಮಗಳು ದರ ಹೇಳುವುದರೊಳಗೆ ನಾನು ಬಾಯಿ ಹಾಕಿದೆ.

ನಮ್ಮ ಮನೆಯ ನೆಲ ನುಣ್ಣನೆಯ ಟೈಲ್ಸು. ಒಂದೊಂದು ತುಳಿತಕ್ಕೂ ಬೇಸ್ ಡ್ರಮ್ಮು ಒಂದೊಂದು ಬೆರಳು ಮುಂದೆ ಜರುಗಿ, ಹಾಡು ಮುಗಿಯುವ ಹೊತ್ತಿಗೆ ಟಿವಿಯ ಬುಡ ಸೇರುತ್ತಿತ್ತು. ಅಡಿಗೆ ಜಮಖಾನೆ ಹಾಸಿದ ಮೇಲೆ ನಿಂತಿತು. ಅದಕ್ಕಿಂತ ಕಷ್ಟವಾದದ್ದು ಕೆಳಗಿನ ಮನೆಯ ಓನರ್ರು. ಸರ್ಕಾರಿ ನೌಕರಿಯಿಂದ ನಿವೃತ್ತರು, ಕಾಯಿದೆ ಬಲ್ಲವರು. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಎಂದು ನನ್ನ ಮುಂದೆ ಬೆರಳು ಮಡಿಸಿದರು. ಡ್ರಮ್ಸು ಸಲೀಸಾಗಿ 100 ದಾಟುತ್ತದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಕೊನೆಗೆ ಅವರೇ ಒಂದು ದಾರಿ ಕೊಟ್ಟರು. ಸಂಜೆ ಪಾರ್ಕಿಗೆ ವಾಕಿಂಗ್ ಹೋಗಿ ಬರುವಷ್ಟು ಹೊತ್ತು ಎಷ್ಟು ಬೇಕಾದರೂ ಬಾರಿಸಲಿ, ಗೇಟಿನ ಸದ್ದು ಕೇಳಿದ ಕೂಡಲೇ ನಿಲ್ಲಿಸಲಿ.

ಆವತ್ತಿನಿಂದ ನಮ್ಮನೆಯ ಸಂಗೀತ ಅವರ ಮಂಡಿಯ ಮೇಲೆ ನಿಂತಿದೆ. ಮಂಡಿ ನೋವೆಂದರೆ ನಮ್ಮಲ್ಲಿ ಎಣ್ಣೆಯ ಶೀಶೆ ಕೆಳಗಿಳಿಯುತ್ತದೆ. ಜೂನ್ ಬಂದು ಮಳೆ ಹಿಡಿದಾಗ ಮಾತ್ರ ಏನೂ ತೋಚಲಿಲ್ಲ. ಸಂಜೆ ಸರಿಯಾಗಿ ಐದಕ್ಕೆ ಮಳೆ, ವಾಕಿಂಗ್ ರದ್ದು, ಡ್ರಮ್ಸ್ ಬಂದ್. ಮಗಳು ಒಂದು ಶನಿವಾರ ನನ್ನನ್ನು ಅಂಗಡಿಗೆ ಎಳೆದೊಯ್ದು, ಗಟ್ಟಿ ಕಡ್ಡಿಯ ದೊಡ್ಡ ಕೊಡೆಯೊಂದನ್ನು ಆರಿಸಿ, ತಾನೇ ಕೆಳಗೆ ಹೋಗಿ ಕೊಟ್ಟು ಬಂದಳು. ಓನರ್ರು ಅದನ್ನು ಬಿಚ್ಚಿ ನೋಡಿ, "ಇದೆಲ್ಲ ಯಾಕಮ್ಮ ನಂಗೆ?" ಎಂದರಂತೆ.

"ಮಳೆ ಅಂತ ವಾಕಿಂಗ್ ಬಿಡಬಾರದು ತಾತ, ಆರೋಗ್ಯಕ್ಕೆ ಒಳ್ಳೇದಲ್ಲ."

ಕೊಡೆಗೆ 650 ರೂಪಾಯಿ. ಅದನ್ನು ಡ್ರಮ್ಸಿನ ಲೆಕ್ಕಕ್ಕೇ ಬರೆದುಕೊಂಡಿದ್ದಾಳೆ ಹೆಂಡತಿ.