ಅತ್ತೆಯ ಐದು

ಕಾಯಿಲೆಯವರನ್ನು ನೋಡಲು ಬರುವವರು ಮೊದಲೆಲ್ಲ ಮೋಸಂಬಿ, ಬ್ರೆಡ್ಡು ತರುತ್ತಿದ್ದರು. ಈಗ ಧೈರ್ಯ ತರುತ್ತಾರೆ. ನಮ್ಮ ಸೋದರತ್ತೆಗೆ ಸ್ತನದ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಮನೆಗೆ ಬಂದು ಬಿದ್ದ ಧೈರ್ಯಕ್ಕೆ ಲೆಕ್ಕವಿಲ್ಲ. ‘ಯುವರಾಜ್ ಸಿಂಗ್‌ಗೆ ವಾಸಿ ಆಗ್ಲಿಲ್ವೇ?’ ಎಂದರೊಬ್ಬರು. ಕ್ರಿಕೆಟ್ಟೆಂದರೆ ಧಾರಾವಾಹಿಗೆ ಅಡ್ಡ ಬರುವ ಪೀಡೆ ಎಂದು ತಿಳಿದಿರುವ ಅತ್ತೆ ಯಾರಪ್ಪಾ ಅವನು ಎನ್ನುವಂತೆ ನನ್ನ ಮುಖ ನೋಡಿದಳು. ಲಕ್ಷ್ಮಣಫಲದ ಎಲೆ ತಂದವರು ಕಷಾಯದ ಕ್ರಮವನ್ನೆಲ್ಲ ಹೇಳಿ, ಹೊರಡುವಾಗ ಬಾಗಿಲ ಬಳಿ ‘ಎಷ್ಟನೇ ಸ್ಟೇಜು?’ ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಕೀಮೋದಿಂದ ಅತ್ತೆಯ ಕೂದಲು ಉದುರಿತ್ತು, ಕಿವಿ ನೆಟ್ಟಗೇ ಇತ್ತು.

ನಿದ್ದೆ ಕೆಟ್ಟಿತು. ಡಾಕ್ಟರು ಆಪ್ತಸಮಾಲೋಚಕರಿಗೆ ಚೀಟಿ ಬರೆದರು. ಅಲ್ಲಿ ದಿನ ಸಿಕ್ಕಿದ್ದು ಮುಂದಿನ ತಿಂಗಳ ಕೊನೆಗೆ. ಕೀಮೋಗೆ ಒಂದು ವಾರ ತಡವಾದರೆ ಕಂಗಾಲಾಗುವ ನಾವು ಇದಕ್ಕೆ ಮಾತ್ರ ‘ಸರಿ ಬಿಡಿ’ ಎಂದು ಬಂದೆವು.

ಚೀಟಿಯ ಜೊತೆ ಒಂದು ಹಾಳೆಯನ್ನೂ ಕೊಟ್ಟಿದ್ದರು. ಅದರಲ್ಲೊಂದು ಥರ್ಮಾಮೀಟರಿನ ಚಿತ್ರ. ಕೆಳಗೆ ಸೊನ್ನೆ, ತುದಿಗೆ ಹತ್ತು. ಇವತ್ತೂ ಸೇರಿ ಕಳೆದೊಂದು ವಾರದಲ್ಲಿ ಮನಸ್ಸಿಗೆ ಎಷ್ಟು ಕಷ್ಟವಾಯಿತೋ ಅಲ್ಲಿಗೆ ಗುರುತು ಹಾಕಬೇಕು. ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಆಸ್ಪತ್ರೆಯ ಮನೋವೈದ್ಯೆ ಜಿಮ್ಮಿ ಹಾಲಂಡ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಹೂಡಿದ ಉಪಾಯವಿದು. ಮೈನೋವನ್ನು ಅಂಕಿಯಲ್ಲಿ ಕೇಳಬಹುದಾದರೆ ಮನಸ್ಸಿನದನ್ನು ಯಾಕೆ ಕೇಳಬಾರದು? ಮೊದಲು ಪರೀಕ್ಷಿಸಿದ್ದು ಪ್ರಾಸ್ಟೇಟ್ ಕ್ಯಾನ್ಸರಿನ ಗಂಡಸರ ಮೇಲಂತೆ. ಸರಿಯಾದವರನ್ನೇ ಹಿಡಿದಿದ್ದಾರೆ, ಗಂಡಸರು ಬಾಯಿ ಬಿಡುವುದು ಊಟಕ್ಕೆ ಮಾತ್ರ. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮುಂದೆ ವಿಚಾರಿಸಬೇಕೆಂದು ಸಾಮಾನ್ಯವಾಗಿ ಎಣಿಸುತ್ತಾರೆ.

‘ಸೊನ್ನೆ ಅಂದ್ರೆ ಸುಳ್ಳಾಗತ್ತೆ. ಹತ್ತು ಅಂದ್ರೆ ನೀವೆಲ್ಲ ಹೆದರ್ತೀರಿ. ಐದು ಹಾಕು’ ಎಂದಳು ಅತ್ತೆ.

ಚಿತ್ರದ ಪಕ್ಕದಲ್ಲಿ ತೊಂದರೆಗಳ ಪಟ್ಟಿಯಿತ್ತು: ಓಡಾಟ, ದುಡ್ಡು, ಮನೆಮಂದಿ, ನಿದ್ದೆ, ಭಯ. ಭಯಕ್ಕೇ ಮೊದಲು ಗುರುತು ಬೀಳುತ್ತದೆಂದು ನಾನು ಕಾದಿದ್ದರೆ, ಅವಳು ಓಡಾಟಕ್ಕೆ ಹಾಕಿಸಿದಳು. ಶಕ್ತಿ ಯೋಜನೆಯಿಂದ ತಿಪಟೂರಿನ ಬಸ್ಸೇನೋ ಬಿಟ್ಟಿ. ಕೀಮೋ ಮುಗಿಸಿ ವಾಂತಿ ತಡೆದುಕೊಂಡು ನಿಲ್ಲುವವರಿಗೆ ಬೇಕಾದದ್ದು ಸೀಟು. ಆಮೇಲೆ, ಪಟ್ಟಿಯಲ್ಲೇ ಇಲ್ಲದ ಹಸು. ‘ಬೇರೆಯವರು ಕೈ ಹಾಕಿದ್ರೆ ಒದೀತದೆ ಕಣೋ.’ ರಾತ್ರಿಯೆಲ್ಲ ಅವಳು ಹೊರಳಾಡುತ್ತಿದ್ದುದರಲ್ಲಿ ಅರ್ಧ ಪಾಲು ಈ ಹಸುವಿನದು.

ಹಸುವಿಗೆ ಮನಶ್ಶಾಸ್ತ್ರಜ್ಞರು ಬೇಕಿಲ್ಲವಲ್ಲ. ಪಕ್ಕದ ಮನೆಯಾಕೆ ಅತ್ತೆಯ ಹಳೇ ಸೀರೆ ಸುತ್ತಿಕೊಂಡು ಹಾಲು ಕರೆದಳು, ವಿಡಿಯೋ ಕಳಿಸಿದಳು. ಧೈರ್ಯ ಹೊತ್ತು ತಂದವರೆಲ್ಲ ಸೇರಿ ಮಾಡಲಾಗದ್ದನ್ನು ಆ ಸೀರೆ ಮಾಡಿತು. ಕಾರಿದ್ದ ಭಾವಮೈದುನ ಬರುವಾಗ ಹೋಗುವಾಗ ಕರೆದೊಯ್ಯಲು ಒಪ್ಪಿದ. ಹೀಗೆ ಪಟ್ಟಿ ಸವೆಯುತ್ತ ಬಂದರೂ ಭಯ ಅಲ್ಲೇ ಕೂತಿತ್ತು. ಅದು ಹಸುವಿನಿಂದಲೂ ಕಾರಿನಿಂದಲೂ ಅಲ್ಲಾಡುವುದಲ್ಲ. ಕಲಿತವರೇ ಬೇಕು, ಅದೂ ಬೇಗ ಬೇಕು. ಒಂದು ರಾತ್ರಿ ‘ಯಾಕೆ ಬದುಕಿರಬೇಕೋ’ ಎಂದು ಗೋಡೆಗೆ ಹೇಳುವಂತೆ ಹೇಳಿದಳು. 14416ಕ್ಕೆ ಫೋನು ಹಚ್ಚಿಕೊಟ್ಟೆ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಅದು. ಹಗಲೂ ರಾತ್ರಿಯೂ ಕನ್ನಡದಲ್ಲೇ ಮಾತಾಡಬಹುದು. ಆಚೆಯ ಹುಡುಗಿ ಹೆಚ್ಚು ಮಾತಾಡಲಿಲ್ಲ, ಅತ್ತೆಯೇ ಆಡಿದಳು. ನನಗೆ ಹೊರಗೆ ಹೋಗು ಎಂದಳು.

ತಿಂಗಳ ಕೊನೆಯ ಆ ದಿನವೂ ಬಂತು. ಹೊರಗಿನ ಬೆಂಚಿನಲ್ಲಿ ಕೂತಾಗ ಅತ್ತೆ ಕೇಳಿದಳು, ‘ಅದಿರಲಿ, ನಿಂದು ಎಷ್ಟು?’

‘ಏಳು’ ಎಂದೆ.

‘ಮತ್ತೆ ನೀನೇ ಮೊದಲು ಹೋಗು’ ಎಂದು ಚೀಟಿಯನ್ನು ನನ್ನ ಕೈಗೆ ತುರುಕಿದಳು.